ಅತ್ತೆ, ಅಳಿಯ ಮತ್ತು ಹೊಳೆಯಲ್ಲಿ ತೇಲಿಬಂದ ದಬರಿ

ಇಂದ,
ಅಲ್ದೆಮಾರ್ ಕಿಂತೇರೊ,
ಜೀಪು ಚಾಲಕ (ಊರಿನಿಂದ ಬೆಟ್ಟಕ್ಕೆ, ಬೆಟ್ಟದಿಂದ ಊರಿಗೆ),
ಸಂತೆ ಬೀದಿ, ಪುಯೆಂತೆ ಗ್ವಾಸಿಮೊ,
ತೊಲೀಮಾ ಪ್ರಾಂತ, ಕೊಲಂಬಿಯಾ.

ಗೆ,
ಮಾನ್ಯ ದೋನ್ ಲಿಬಾರ್ದೊ ಬರಗಾನ್ ಅವರು,
ಅಧ್ಯಕ್ಷರು, ಸಾಂಕೋಚೊ ಉತ್ಸವ ಸಮಿತಿ,
ಪುಯೆಂತೆ ಗ್ವಾಸಿಮೊ.

ವಿಷಯ: ಅರ್ಜಿದಾರನ ಕುಟುಂಬಕ್ಕೆ ಸಾಂಕೋಚೊ ಉತ್ಸವದಿಂದ ವಿಧಿಸಿರುವ ಆಜೀವ ನಿಷೇಧವನ್ನು ರದ್ದುಪಡಿಸುವಂತೆ ಕೋರಿ.

ಉಲ್ಲೇಖ: 1) ಸಮಿತಿಯ ನೋಟೀಸು.
2) ಅದಕ್ಕೂ ಮುಂಚೆ ತಾವು ಒದ್ದೆ ಬಟ್ಟೆಯಲ್ಲೇ ದಡದಲ್ಲಿ ನಿಂತು ಖುದ್ದಾಗಿ ಬೈದದ್ದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಮೊದಲಿಗೆ ಒಂದು ಸ್ಪಷ್ಟನೆ. ಅರ್ಜಿಯಲ್ಲಿ "ನಾನು, ನಾನು" ಎಂದು ಬರೆದರೆ ಮನುಷ್ಯ ಜಂಬಗಾರನಂತೆ ಕಾಣುತ್ತಾನೆಂದು ಪುರಸಭೆಯ ಗುಮಾಸ್ತರು ಹೇಳಿದ ಕಾರಣ, ಇಲ್ಲಿ ಅಲ್ದೆಮಾರ್ ಎಂಬುವನನ್ನು ಉದ್ದಕ್ಕೂ "ಅರ್ಜಿದಾರ" ಎಂದೇ ಕರೆಯಲಾಗಿದೆ. ಓದುವಾಗ ಇವನ್ಯಾರಪ್ಪ ಎಂಬ ಗೊಂದಲ ಬೇಡ. ಅದೇ ಜೀಪಿನವನು.

ತಮ್ಮ ನೋಟೀಸಿನಲ್ಲಿ ಕೆಳಕಂಡ ಆಪಾದನೆಗಳಿವೆ:

ಅ) ನೋಂದಣಿ ಮಾಡಿಸದೆ, ಹೊಳೆಯ ಮಾರ್ಗವಾಗಿ, ದಬರಿ ಸಮೇತ ಸ್ಪರ್ಧೆಗೆ ಪ್ರವೇಶಿಸಿದ್ದು.
ಆ) ಅಧ್ಯಕ್ಷರು ಭಾಷಣ ಮಾಡುತ್ತಿರುವಾಗಲೇ ಅವರ ಕಾಲಡಿಯ ವೇದಿಕೆಯನ್ನು ಇಲ್ಲದಂತೆ ಮಾಡಿದ್ದು.
ಇ) ತೀರ್ಪುಗಾರರ ಕೈಯಿಂದ ಬಟ್ಟಲು ಕಿತ್ತುಕೊಂಡದ್ದು.

ಮೂರೂ ನಿಜ, ಒಪ್ಪಿಕೊಂಡಿದೆ. ಆದರೆ ನಿಜಕ್ಕೂ ಒಂದು ಹಿಂದುಮುಂದು ಇರುತ್ತದೆ. ಅದನ್ನು ತಮ್ಮ ಅವಗಾಹನೆಗೆ ತರುವುದೇ ಈ ಅರ್ಜಿಯ ಉದ್ದೇಶ.

1. ಅರ್ಜಿದಾರನ ಹೆಂಡತಿ ರುಬಿಯೆಲಾಳ ತಾಯಿ, ಅಂದರೆ ಅರ್ಜಿದಾರನ ಅತ್ತೆ ದೋನ್ಯಾ ಎದೆಲ್ಮಿರಾ ಅವರು ಈ ಉತ್ಸವವನ್ನು ಶುರುಮಾಡಿದವರಲ್ಲಿ ಒಬ್ಬರೆಂಬುದು ತಮಗೆ ಗೊತ್ತಿರುವ ಸಂಗತಿ. ನಾಟಿಕೋಳಿ, ಬಾಳೆಕಾಯಿ, ಮರಗೆಣಸು, ಜೋಳದ ತೆನೆ ಹಾಕಿ ಸೌದೆ ಒಲೆಯ ಮೇಲೆ ನಿಧಾನಕ್ಕೆ ಕುದಿಸಿದ ಗಟ್ಟಿ ಸಾರು ಮಾತ್ರ ಸಾಂಕೋಚೊ, ಉಳಿದದ್ದೆಲ್ಲ ಬಿಸಿನೀರು ಎಂಬುದು ಅವರ ನಿಲುವು. ಸಮಿತಿಯು ಗ್ಯಾಸ್ ಒಲೆಗೂ ಅಂಗಡಿಯಲ್ಲಿ ಸಿಗುವ ಸಾರಿನ ಬಿಲ್ಲೆಗೂ ಅನುಮತಿ ಕೊಟ್ಟ ದಿನ, "ಬಿಲ್ಲೆ ಕದಡಿದ ನೀರಿಗೆ ಬಹುಮಾನ ಕೊಡೋದಾದ್ರೆ ಊರಿನ ನಲ್ಲೀಗೂ ಒಂದು ಕೊಟ್ಬಿಡಿ ದೋನ್ ಲಿಬಾರ್ದೊ" ಎಂದು ಹೇಳಿ ಸಭೆಯಿಂದ ಎದ್ದು ಹೋದರು. ಆ ಮಾತು ತಮಗೆ ಮರೆತಿರಲಾರದು.

ಅಂದಿನಿಂದ ಪ್ರತಿ ವರ್ಷ, ಉತ್ಸವ ನಡೆಯುವ ಭಾನುವಾರವೇ, ಇಡೀ ಕುಟುಂಬವನ್ನು ಅರ್ಜಿದಾರನ ಜೀಪಿನಲ್ಲಿ ತುಂಬಿಕೊಂಡು ಕೊಯಾಮಿ ಹೊಳೆಯ ಮೇಲ್ದಂಡೆಗೆ ಹೋಗಿ, ತಮ್ಮದೇ ದಬರಿಯಲ್ಲಿ ಸಾಂಕೋಚೊ ಮಾಡಿ ಬಡಿಸುವುದು ಅವರ ಪದ್ಧತಿ. ನಮ್ಮೂರವರು ಯಾರು ತಾನೇ ಭಾನುವಾರ ಪಾತ್ರೆ ಹೊತ್ತು ಹೊಳೆಗೆ ಹೋಗುವುದಿಲ್ಲ? ಆದರೆ ಅವರೆಲ್ಲ ಖುಷಿಗೆ ಹೋಗುತ್ತಾರೆ. ಅತ್ತೆಯವರು ಪ್ರತಿಭಟನೆಗೆ ಹೋಗುತ್ತಾರೆ.

2. ಇನ್ನೊಂದು ಸಂಗತಿ ಸಮಿತಿಗೆ ತಿಳಿದಿರಲಿಕ್ಕಿಲ್ಲ. ಅತ್ತೆಯವರು ಅರ್ಜಿದಾರನ ಜೊತೆ ಮಾತಾಡುತ್ತಿರಲಿಲ್ಲ.

ಕಾರಣ ಹೀಗಿದೆ. ಮದುವೆಯಾದ ಹೊಸದರಲ್ಲಿ ಅತ್ತೆ ಮನೆಯ ಮೊದಲ ಊಟಕ್ಕೆ ಕೂತ ಅರ್ಜಿದಾರನು, ಒಂದೇ ಒಂದು ಚಮಚ ಸಾರು ಬಾಯಿಗಿಟ್ಟು, ಸಾಂಕೋಚೊ ಉಣ್ಣುವಾಗ ಸಂಕೋಚವೇಕೆಂದು, "ಸ್ವಲ್ಪ ಉಪ್ಪು ಕೊಡ್ತೀರಾ?" ಎಂದು ಕೇಳಿದನು. ಅತ್ತೆಯವರು ಉಪ್ಪು ಕೊಟ್ಟರು. ಮಾತು ನಿಲ್ಲಿಸಿದರು. ಆಮೇಲೆ ಹುಟ್ಟಿದ ಹಿರೀ ಮಗಳು ಈಗ ಹೈಸ್ಕೂಲಿಗೆ ಹೋಗುತ್ತಾಳೆ.

ಅಷ್ಟೂ ಕಾಲ ಹೇಳಬೇಕಾದ್ದನ್ನೆಲ್ಲ ಅವರು ರುಬಿಯೆಲಾಳ ಮೂಲಕವೇ ಹೇಳಿಸುತ್ತಿದ್ದರು. ಅರ್ಜಿದಾರನು ಎದುರಿಗೇ ಕೂತಿದ್ದರೂ, "ನಿನ್ನ ಗಂಡನಿಗೆ ಹೇಳು, ಅಂಗಿ ಗುಂಡಿ ಬಿಚ್ಚಿದೆ ಅಂತ." ರುಬಿಯೆಲಾ ಗಂಡನ ಕಡೆ ತಿರುಗಿ, "ಗುಂಡಿ ಬಿಚ್ಚಿದೆಯಂತೆ." ಅವಳು ಜೊತೆಯಲ್ಲಿ ಇಲ್ಲದಿದ್ದಾಗ, ಜೀಪಿನ ಗಾಜಿನ ಮುಂದೆ ಅಂಟಿಸಿರುವ, ಚಾಲಕರನ್ನು ಕಾಯುವ ಕಾರ್ಮೆನ್ ಮಾತೆಯ ಚಿತ್ರಕ್ಕೆ ಹೇಳುತ್ತಿದ್ದರು: "ತಾಯೀ, ಈ ಡ್ರೈವರ್‌ಗೆ ಸ್ವಲ್ಪ ಹೇಳಮ್ಮ, ಮುಂದೆ ಹೊಂಡ ಇದೆ." ಮಾತೆಯೂ ಒಂದು ದಿನಕ್ಕೂ ಬೇಸರಿಸಿಕೊಂಡವಳಲ್ಲ.

3. ಹೀಗಿರಲಾಗಿ, ಉತ್ಸವದ ಭಾನುವಾರ ಎಂದಿನಂತೆ ಅತ್ತೆ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಈಜಾಡಲು ತಂದ ಲಾರಿ ಟ್ಯೂಬುಗಳು ಮತ್ತು ದಬರಿಯೊಂದಿಗೆ ಅರ್ಜಿದಾರನು ಹೊಳೆಯ ಮೇಲ್ದಂಡೆ ತಲುಪಿದನು. ಬೇಸಿಗೆಯ ನೀರು ಮೊಣಕಾಲಿಗೂ ಇರಲಿಲ್ಲ. ಹೊಳೆಯ ನಡುವೆ ಕಲ್ಲಿನ ದಿಣ್ಣೆಯೊಂದಿದೆ. ಅಲ್ಲಿ ಒಣಸೌದೆ ಹೇರಳ. ಒಲೆ ಹೂಡಿದ್ದು ಅಲ್ಲೇ.

ಸಾರು ಕುದಿಯತೊಡಗಿತು. ಕೊತ್ತಂಬರಿಯ ಘಮಕ್ಕೆ ಆಚೆ ದಡದ ನಾಯಿಗಳೂ ಎದ್ದು ಕೂತವು. ಅಷ್ಟರಲ್ಲಿ ಕಿರಿಯವಳು ಕೂಗಿದಳು: "ಅಪ್ಪಾ, ಹೊಳೆ ಕಾಫಿ ಬಣ್ಣ ಆಗ್ತಿದೆ!"

ಮೇಲೆ ಬೆಟ್ಟದಲ್ಲಿ ಮಳೆ ಹೊಡೆದಿತ್ತು. ನೋಡುನೋಡುತ್ತಿದ್ದಂತೆ ನೀರು ಏರಿತು. ಅರ್ಜಿದಾರನು ಮಕ್ಕಳನ್ನು ಹೆಗಲಿಗೇರಿಸಿ ದಡ ಸೇರಿಸಿದನು, ಹೆಂಡತಿ ತಾನೇ ದಾಟಿದಳು. ಅತ್ತೆಯವರು ಮಾತ್ರ ದಬರಿಯ ಹಿಡಿ ಬಿಡಲಿಲ್ಲ.

"ಅಮ್ಮಾ, ಬಾರಮ್ಮಾ!" ಎಂದು ರುಬಿಯೆಲಾ ದಡದಿಂದ ಅರಚಿದಳು.

"ನಿನ್ನ ಗಂಡನಿಗೆ ಹೇಳು, ಮೊದಲು ದಬರಿ ಅಂತ!"

ಆದ್ದರಿಂದ ಅರ್ಜಿದಾರನು ಮತ್ತೆ ದಿಣ್ಣೆಗೆ ಹೋಗಿ, ಎಲ್ಲಕ್ಕಿಂತ ದೊಡ್ಡ ಟ್ಯೂಬಿನ ಮೇಲೆ ತರಕಾರಿ ಹೆಚ್ಚುವ ಹಲಗೆ ಕಟ್ಟಿ, ಅದರ ಮೇಲೆ ಒದ್ದೆ ಗೋಣಿಚೀಲ ಹಾಸಿ, ಮುಚ್ಚಳವನ್ನು ಮೇಜಿನ ಬಟ್ಟೆಯಿಂದ ಬಿಗಿದು ದಬರಿಯನ್ನು ಕೂರಿಸಿದನು. ಹಿಡಿ ಬಿಡದ ಕಾರಣ ಅತ್ತೆಯವರನ್ನು ಪಕ್ಕದ ಟ್ಯೂಬಿನಲ್ಲಿ ಕೂರಿಸಿ, ಎರಡನ್ನೂ ಸೇರಿಸಿ ಕಟ್ಟಿ, ಹಗ್ಗ ಹಿಡಿದು ಸೊಂಟದುದ್ದ ನೀರಿನಲ್ಲಿ ದಡದ ಕಡೆ ಎಳೆಯತೊಡಗಿದನು. ಅತ್ತೆಯವರಿಗೆ ಈಜು ಬರುವುದಿಲ್ಲ. ಒಂದು ಕೈಯಲ್ಲಿ ದಬರಿ, ಇನ್ನೊಂದರಲ್ಲಿ ಸೌಟು.

4. ಹಗ್ಗ ಬಿಟ್ಟುಹೋದ ಬಗ್ಗೆ.

"ಗಟ್ಟಿಯಾಗಿ ಹಿಡ್ಕೊಳ್ರೀ!" ಎಂದಳು ರುಬಿಯೆಲಾ.

"ಹಿಡ್ಕೊಂಡಿದೀನಿ ಮಾರಾಯ್ತಿ, ನೋಡು!" ಎಂದು ಅರ್ಜಿದಾರನು ಕೈ ಎತ್ತಿ ತೋರಿಸಿದನು. ಕೈಯಲ್ಲಿ ಹಗ್ಗ ಇರಲಿಲ್ಲ.

ಈ ಅಂಶದ ಬಗ್ಗೆ ಮನೆಯಲ್ಲಿ ಪ್ರತ್ಯೇಕ ವಿಚಾರಣೆ ಆಗಿಹೋಗಿರುವುದರಿಂದ ಸಮಿತಿಯು ಇನ್ನೊಮ್ಮೆ ಕೈಗೆತ್ತಿಕೊಳ್ಳುವ ಅಗತ್ಯವಿಲ್ಲ.

5. ಅರ್ಜಿದಾರನು ಎಗರಿ ಟ್ಯೂಬಿನ ಹಿಂಭಾಗ ಹಿಡಿದನು. ಅಲ್ಲಿಂದಾಚೆಗೆ ದಬರಿ ಮುಂದೆ, ಅತ್ತೆ ಮಧ್ಯೆ, ನೀರಿನಲ್ಲಿ ಕಾಲು ಬಡಿಯುತ್ತ ಅರ್ಜಿದಾರ ಹಿಂದೆ, ಹೀಗೆ ಮೂವರ ಪ್ರಯಾಣ. ದಡದ ರಸ್ತೆಯಲ್ಲಿ ಜೀಪು ಹಾರ್ನ್ ಬಡಿಯುತ್ತ ಹಿಂದೆಯೇ ಬರುತ್ತಿತ್ತು. ಓಡಿಸುತ್ತಿದ್ದವಳು ರುಬಿಯೆಲಾ. "ನಿನಗೆ ಬರಲ್ಲ, ಗೇರ್ ಗಟ್ಟಿ ಇದೆ" ಎಂದು ಅರ್ಜಿದಾರನು ಅಂದಿನವರೆಗೆ ಅವಳ ಕೈಗೆ ಕೀಲಿ ಕೊಟ್ಟವನೇ ಅಲ್ಲ. ಅವಳೋ ತಿರುವಿನಲ್ಲೆಲ್ಲ ಒಂದು ಕೈ ಹೊರಗೆ ಹಾಕಿ ಟಾಟಾ ಮಾಡುತ್ತಿದ್ದಳು.

ಮೊದಲ ತಿರುವಿನಲ್ಲಿ ಹೊಳೆಯ ನಡುವೆ ದೊಡ್ಡ ಬಂಡೆ. ನೀರು ಅದಕ್ಕೆ ಬಡಿದು ಬುರುಗು ಕಾರುತ್ತಿತ್ತು. ಟ್ಯೂಬು ನೇರ ಅದರ ಕಡೆಗೇ. ಆಗ ಒಂದು ಧ್ವನಿ ಕೇಳಿಸಿತು:

"ಬಲಗಡೆ ಒದಿ! ಬಲಗಡೆ!"

ಅರ್ಜಿದಾರನು ಒದೆಯಲಿಲ್ಲ. ಬಾಯಿ ಬಿಟ್ಟುಕೊಂಡು, "ನನಗಾ ಹೇಳಿದ್ದು, ಅತ್ತೆ?" ಎಂದನು.

"ಮತ್ಯಾರಿಗೆ? ಇಲ್ಲಿ ಕಾರ್ಮೆನ್ ಮಾತೆ ಇದಾಳಾ? ನಿನಗೇ ಕಣೋ, ಒದಿಯೋ ಮುಠ್ಠಾಳ!"

ಮಾನ್ಯರೇ, ಅರ್ಜಿದಾರನು ಒದ್ದನು. ಮದುವೆಯಾದಾಗಿನಿಂದ ಕೂಡಿಟ್ಟ ಶಕ್ತಿಯನ್ನೆಲ್ಲ ಹಾಕಿ ಒದ್ದನು. ಟ್ಯೂಬುಗಳು ಬಂಡೆಯನ್ನು ಸವರಿಕೊಂಡು ಗಿರ್ರನೆ ಒಂದು ಸುತ್ತು ತಿರುಗಿ, ಅದರಾಚೆಯ ಇಳಿಜಾರಿನಲ್ಲಿ ಮಕ್ಕಳ ಜಾರುಬಂಡೆಯಲ್ಲಿ ಜಾರಿದಂತೆ ಜಾರಿ, ಧೊಪ್ಪೆಂದು ಕೆಳಗೆ ಬಿದ್ದವು. ನೀರು ಮುಖಕ್ಕೆ ರಾಚಿತು. ಅತ್ತೆಯವರ ಸದ್ದೇ ಇಲ್ಲ.

ಕಣ್ಣೊರೆಸಿಕೊಂಡು ನೋಡಿದರೆ ಅವರು ನಗುತ್ತಿದ್ದರು. ಸದ್ದು ಬರದಷ್ಟು ನಗು. ಹೆಗಲು ಕುಣಿಯುತ್ತಿತ್ತು, ಮುಡಿ ಬಿಚ್ಚಿಹೋಗಿತ್ತು, ಸೌಟು ಮೇಲೆತ್ತಿಕೊಂಡೇ ಇದ್ದರು. ಉಸಿರು ಬಂದ ಮೇಲೆ ಕೇಳಿದ ಮೊದಲ ಮಾತು:

"ಇಂಥದು ಇನ್ನೊಂದಿದೆಯೇನೋ ಮುಂದೆ?"

"ಇದೆ ಅತ್ತೆ, ಇದಕ್ಕಿಂತ ದೊಡ್ಡದು."

"ಹಾಗಾದ್ರೆ ಕಾಲು ಯಾಕೆ ನಿಲ್ಲಿಸ್ದೆ? ಬಡಿ!"

ದಡದಲ್ಲಿ ಗಾಳ ಹಾಕಿ ಕೂತಿದ್ದವರು ಎದ್ದು ನಿಂತು ಕೂಗಿದರು, "ಎಲ್ಲಿಗೆ ದೋನ್ಯಾ ಎದೆಲ್ಮಿರಾ?"

"ಊಟಕ್ಕೆ!" ಎಂದು ಅವರು ಸೌಟು ಬೀಸಿದರು. "ಬರೋದಾದ್ರೆ ತಟ್ಟೆ ತಗೊಂಡ್ ಬನ್ನಿ!"

6. ಎರಡನೇ ಇಳಿಜಾರು ದಾಟಿದ ಮೇಲೆ ಹೊಳೆ ಅಗಲವಾಯಿತು, ಸೆಳೆತ ಕಡಿಮೆಯಾಯಿತು. ದೂರದಿಂದ ಬ್ಯಾಂಡಿನ ಸದ್ದು ತೇಲಿಬಂತು. ಅದು ಉತ್ಸವದ ಬ್ಯಾಂಡು ಎಂದು ಗೊತ್ತಾದ ಕೂಡಲೇ ಅತ್ತೆಯವರ ಮುಖ ಬಿಗಿಯಿತು.

"ತಿರುಗಿಸು."

"ಹೊಳೆ ತಿರುಗಲ್ಲ ಅತ್ತೆ."

"ಆ ಬಿಲ್ಲೆಯವರ ಮುಂದೆ ನಾನು ಹೀಗೆ, ತಲೆ ಕೆದರಿಕೊಂಡು ಹೋಗಲ್ಲ ಅಂದ್ರೆ ಹೋಗಲ್ಲ. ನಿಲ್ಲಿಸು!"

ನಿಲ್ಲಿಸುವ ಉಪಾಯ ಯಾವುದೂ ಅರ್ಜಿದಾರನಿಗೆ ತಿಳಿದಿರಲಿಲ್ಲ. ಆದ ಕಾರಣ, ಸಮಿತಿಯು ದಡದ ನೀರಿನಲ್ಲೇ ಬಿದಿರಿನ ಕಾಲು ನೆಟ್ಟು ಕಟ್ಟಿಸಿದ ವೇದಿಕೆಯೇ ಅವರನ್ನು ನಿಲ್ಲಿಸಬೇಕಾಯಿತು. ಆ ಹೊತ್ತಿಗೆ ತಾವು ಧ್ವನಿವರ್ಧಕ ಹಿಡಿದು, "ಮಹಾಜನಗಳೇ, ಈ ಸಾಂಕೋಚೊ ಎಂಬುದು ನಮ್ಮೂರಿಗೆ ಎಲ್ಲಿಂದ ಬಂತು?" ಎಂದು ಕೇಳುತ್ತಿದ್ದಿರಿ. ಜನರೆಲ್ಲ ಒಂದೇ ಬಾಯಲ್ಲಿ "ಹಿಂದಿನಿಂದ! ಹಿಂದಿನಿಂದ!" ಎಂದು ಕೂಗಿದರು. ತಾವು ಅದನ್ನು ಇತಿಹಾಸದ ಮಾತೆಂದು ತಿಳಿದು, ಸಮಾಧಾನದಿಂದ ತಲೆಯಾಡಿಸಿದಿರಿ. ಆಗ ದಬರಿ ಬಂದು ಬಿದಿರಿಗೆ ತಾಗಿತು.

ವೇದಿಕೆ ಮುರಿಯಲಿಲ್ಲ ಎಂಬುದನ್ನು ದಾಖಲಿಸಬೇಕಾಗಿ ಕೋರಿದೆ. ಅದು ಬರೀ ವಾಲಿತು. ಜಾರಿದ್ದು ತಾವು. ನೀರಿಗೆ ಬಿದ್ದ ತಾವು ಕೈಗೆ ಸಿಕ್ಕ ಟ್ಯೂಬನ್ನು ಹಿಡಿದಿರಿ, ಅದು ಅತ್ತೆಯವರದು. ಅವರು ತಮ್ಮನ್ನು ನೋಡಿ, "ನೋಂದಣಿ ಎಲ್ಲಿ ಮಾಡಿಸ್ಬೇಕು ದೋನ್ ಲಿಬಾರ್ದೊ?" ಎಂದು ಕೇಳಿದ್ದು ನಿಜ. ಅದು ಅಣಕ ಎಂದು ನೋಟೀಸಿನಲ್ಲಿದೆ. ನಿಜವಾಗಿಯೂ ತಿಳಿಯಲೆಂದೇ ಕೇಳಿದ್ದಾಗಿ ಅವರು ಹೇಳುತ್ತಾರೆ. ಹೀಗೆ ಹೇಳುವಾಗ ಅವರಿಗೆ ನಗು ಬಂದುಬಿಡುತ್ತದೆ.

7. ಬಟ್ಟಲು ಕಿತ್ತುಕೊಂಡ ಬಗ್ಗೆ. ಇದೇ ಮುಖ್ಯ ಅಂಶ.

ಜನ ನುಗ್ಗಿ ಬಂದು ದಬರಿಯನ್ನು ಎತ್ತಿ ದಡದ ಮೇಜಿನ ಮೇಲಿಟ್ಟರು. ಮೇಜಿನ ಬಟ್ಟೆ ಬಿಚ್ಚಿ ಮುಚ್ಚಳ ತೆಗೆದಾಗ ಇನ್ನೂ ಹಬೆಯಾಡುತ್ತಿತ್ತು. ಒಂದು ಹನಿ ಹೊಳೆನೀರೂ ಒಳಗೆ ಹೋಗಿರಲಿಲ್ಲ. ರಾಜಧಾನಿಯಿಂದ ಕರೆಸಿದ್ದ ತೀರ್ಪುಗಾರರು, ಮರ್ಯಾದಸ್ಥರು, ಇದೂ ಸ್ಪರ್ಧೆಯದೇ ಎಂದುಕೊಂಡು ಬಟ್ಟಲು ಒಡ್ಡಿದರು. ಅತ್ತೆಯವರು, ಸೀರಿಯಸ್ಸಾಗಿ, ಒದ್ದೆ ಕೂದಲನ್ನು ಹಿಂದಕ್ಕೆ ಸರಿಸಿಕೊಂಡು ಬಡಿಸಿದರು. ಒಂದು ಚಮಚ ಬಾಯಿಗಿಟ್ಟ ತೀರ್ಪುಗಾರರು ಕಣ್ಣು ಮುಚ್ಚಿದರು, ತೆರೆದರು.

"ಸ್ವಲ್ಪ ಉಪ್ಪು ಸಿಗುತ್ತಾ, ಅಮ್ಮಾ?"

ಆ ಕ್ಷಣ ಅರ್ಜಿದಾರನಿಗೆ ಬ್ಯಾಂಡು ಕೇಳಿಸಲಿಲ್ಲ, ಜನ ಕಾಣಿಸಲಿಲ್ಲ. ಅತ್ತೆಯವರ ಸೌಟು ಅರ್ಧಕ್ಕೇ ನಿಂತದ್ದಷ್ಟೇ ಕಾಣಿಸಿತು. ಈಗಷ್ಟೇ ನಕ್ಕ ಮುಖ ಮತ್ತೆ ಮುಚ್ಚಿಕೊಂಡರೆ ಗತಿಯೇನು? ತಾನು ಏನು ಮಾಡುತ್ತಿದ್ದೇನೆಂದು ಯೋಚಿಸುವ ಮೊದಲೇ ಅವನ ಕೈ ಮುಂದೆ ಹೋಗಿ ಬಟ್ಟಲನ್ನು ಕಿತ್ತುಕೊಂಡಿತ್ತು.

"ಸ್ವಾಮೀ, ನಮ್ಮತ್ತೆ ಸಾರಿಗೆ ಯಾರೂ ಉಪ್ಪು ಕೇಳಲ್ಲ!"

ಜೀಪಿನಿಂದ ಇಳಿದು ಓಡಿಬಂದ ರುಬಿಯೆಲಾ ಮಕ್ಕಳನ್ನು ತಬ್ಬಿಕೊಂಡು ನಿಂತಲ್ಲೇ ನಿಂತಳು. ಅತ್ತೆಯವರು ಅಳಿಯನನ್ನು ಮೇಲಿಂದ ಕೆಳಗೆ ನೋಡಿದರು. ಅವನ ಕೈಯಿಂದ ಬಟ್ಟಲು ತೆಗೆದುಕೊಂಡರು. ತಾವೇ ಒಂದು ಚಮಚ ರುಚಿ ನೋಡಿದರು. ಇನ್ನೊಂದು ಚಮಚ ನೋಡಿದರು.

"ಬಿಡೋ," ಎಂದರು. "ಅವರು ಹೇಳೋದು ಸರಿ. ಕಡೇ ಉಪ್ಪು ಹಾಕೋ ಹೊತ್ತಿಗೇ ಹೊಳೆ ಬಂತಲ್ಲ. ಉಪ್ಪು ಬೇಕು." ಆಮೇಲೆ, ಬಟ್ಟಲನ್ನೇ ನೋಡುತ್ತ, ಅವನಿಗೊಬ್ಬನಿಗೇ ಕೇಳುವಂತೆ ಹೇಳಿದರು: "ಅವತ್ತೂ ಬೇಕಾಗಿತ್ತು."

ಅರ್ಜಿದಾರನು ಅತ್ತನೆಂದು ಊರಿನಲ್ಲಿ ಕೆಲವರು ಹೇಳುತ್ತಿದ್ದಾರೆ. ಅವನು ಆಗಷ್ಟೇ ಹೊಳೆಯಿಂದ ಎದ್ದುಬಂದವನು, ಮುಖ ಒದ್ದೆ ಇರುವುದು ಸಹಜ ಎಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ.

8. ಮುಂದಿನದು ತಾವೇ ಕಂಡದ್ದು. ಅತ್ತೆಯವರು ಉಪ್ಪು ಹಾಕಿದರು, ತಿರುವಿದರು, "ಬನ್ರೋ" ಎಂದರು. ಗಾಳದವರು, ಅತ್ತೆಯವರು ಹೇಳಿದ್ದ ಮಾತಿನಂತೆ, ತಟ್ಟೆ ಹಿಡಿದು ಬಂದಿದ್ದರು. ಬಿಲ್ಲೆ ಹಾಕಿದವರೂ ತಮ್ಮ ಒಲೆ ಆರಿಸಿ ಸಾಲಿನಲ್ಲಿ ನಿಂತರು. ಟ್ರಂಬೋನಿನವನು ತಟ್ಟೆ ಸಿಗದೆ ವಾದ್ಯದ ಬಾಯಿಯನ್ನೇ ಒಡ್ಡಿದಾಗ ಅತ್ತೆಯವರು ಅವನ ತಲೆಗೆ ಮೊಟಕಿ, ತಮ್ಮ ಬಟ್ಟಲನ್ನೇ ಕೊಟ್ಟರು. ಒದ್ದೆ ಬಟ್ಟೆಯಲ್ಲಿ ಚಳಿಗೆ ನಡುಗುತ್ತಿದ್ದ ತಾವೂ ಸಾಲಿನಲ್ಲಿ ನಿಂತಿರಿ, ಎರಡು ಸಲ. ತಮಗೆ ಕೋಳಿ ತೊಡೆ ಬಡಿಸಿದ್ದನ್ನು ಅರ್ಜಿದಾರನು ಕಣ್ಣಾರೆ ಕಂಡಿದ್ದಾನೆ.

ಮೊದಲ ಬಹುಮಾನ ಬೇರೆಯವರಿಗೆ ಹೋಯಿತು. ನ್ಯಾಯವಾದ ತೀರ್ಮಾನ, ತಕರಾರಿಲ್ಲ.

ಮನೆಗೆ ಹಿಂದಿರುಗುವಾಗಲೂ ಜೀಪು ರುಬಿಯೆಲಾಳೇ ಓಡಿಸಿದಳು. ಹಿಂದಿನ ಸೀಟಿನಲ್ಲಿ ಅತ್ತೆ, ಅಳಿಯ, ಮಧ್ಯೆ ಖಾಲಿ ದಬರಿ. ಅತ್ತೆಯವರು ದಾರಿಯುದ್ದಕ್ಕೂ ಮಾತಾಡಿದರು: ಅವನ ಅಂಗಿಯ ಬಗ್ಗೆ, ಕೂದಲಿನ ಬಗ್ಗೆ, ಅವನು ಕಾಫಿಗೆ ಹಾಕಿಕೊಳ್ಳುವ ಸಕ್ಕರೆಯ ಬಗ್ಗೆ, ಅವನಮ್ಮ ಅವನನ್ನು ಬೆಳೆಸಿದ ರೀತಿಯ ಬಗ್ಗೆ. ಇಷ್ಟು ವರ್ಷ ಸೋಸಿ ಸೋಸಿ ತಲುಪುತ್ತಿದ್ದ ಮಾತು ಈಗ ನೇರವಾಗಿ ಬೀಳುತ್ತಿತ್ತು. "ಅಮ್ಮಾ, ಸ್ವಲ್ಪ ಉಸಿರು ತಗೋ" ಎಂದು ರುಬಿಯೆಲಾ ಕನ್ನಡಿಯಲ್ಲಿ ನೋಡಿ ಹೇಳಿದರೆ, "ನೀನು ರಸ್ತೆ ನೋಡು, ನಾನು ಅಲ್ದೆಮಾರ್ ಹತ್ರ ಮಾತಾಡ್ತಿದೀನಿ" ಎಂದರು. ಅವರ ಬಾಯಲ್ಲಿ ತನ್ನ ಹೆಸರನ್ನು ಅರ್ಜಿದಾರನು ಕೇಳಿದ್ದು ಅದೇ ಮೊದಲು. ಮನೆ ಬಂದರೂ ಅವನಿಗೆ ಇಳಿಯುವ ಮನಸ್ಸಾಗಲಿಲ್ಲ.

"ಮುಂದಿನ ವರ್ಷ," ಎಂದರು ಅವರು ಬಾಗಿಲಲ್ಲಿ ನಿಂತು, "ಸುಮ್ನೆ ಮೇಲೆ ಹೋಗಿ ಯಾರ ಮೇಲೆ ಸಿಟ್ಟು? ಉತ್ಸವದಲ್ಲೇ ಒಲೆ ಹಾಕೋಣ. ಸೌದೆ ಒಲೆ. ನಾನು ಮಾಡ್ತೀನಿ, ನೀನು ರುಚಿ ನೋಡು."

9. ಹೀಗಿರುವಾಗ ತಮ್ಮ ನೋಟೀಸು ಬಂತು. ಅತ್ತೆಯವರು ಅದನ್ನು ಓದಿಸಿ ಕೇಳಿದರು. ಸಿಟ್ಟಾಗಲಿಲ್ಲ. ನಲ್ಲಿಯ ಮಾತು ಎತ್ತಲಿಲ್ಲ. ಮಡಿಚಿ ಮೇಜಿನ ಮೇಲಿಟ್ಟು, "ಪರವಾಗಿಲ್ಲ ಬಿಡು" ಎಂದು ಒಳಗೆ ಹೋದರು. ಮಾನ್ಯರೇ, ದೋನ್ಯಾ ಎದೆಲ್ಮಿರಾ "ಪರವಾಗಿಲ್ಲ" ಎಂದದ್ದನ್ನು ಅರ್ಜಿದಾರನಾಗಲಿ, ಅವರ ಹೊಟ್ಟೆಯಲ್ಲಿ ಹುಟ್ಟಿದ ರುಬಿಯೆಲಾಳಾಗಲಿ ಹಿಂದೆಂದೂ ಕೇಳಿದವರಲ್ಲ. ಅವರು ಕೂಗಾಡಿದ್ದರೆ ಈ ಅರ್ಜಿಯ ಅಗತ್ಯ ಬೀಳುತ್ತಿರಲಿಲ್ಲ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳನ್ನು ಹೊಟ್ಟೆ ತುಂಬಿರುವ ಹೊತ್ತಿನಲ್ಲಿ ಪರಿಶೀಲಿಸಿ,

ಕ) ಸದರಿ ಕುಟುಂಬದ ಮೇಲಿನ ಆಜೀವ ನಿಷೇಧವನ್ನು ರದ್ದುಪಡಿಸಬೇಕೆಂದೂ,

ಖ) ನಿಷೇಧ ಯಾರ ಮೇಲಾದರೂ ಇರಲೇಬೇಕೆಂಬ ನಿಯಮವಿದ್ದಲ್ಲಿ ಅದನ್ನು ಹಗ್ಗ ಬಿಟ್ಟವನ ಮೇಲೆ ಮಾತ್ರ ಉಳಿಸಿಕೊಳ್ಳಬೇಕೆಂದೂ, ಅವನು ಬೇಲಿಯಾಚೆ ನಿಂತು ರುಚಿ ನೋಡಲು ಸಿದ್ಧನಿದ್ದಾನೆಂದೂ,

ಗ) ಮುಂದಿನ ಉತ್ಸವದಲ್ಲಿ ಸೌದೆ ಒಲೆಗೆ, ಹೊಗೆ ತಮ್ಮ ಕಡೆ ಬೀಸದಂಥ ಒಂದು ಜಾಗ ಕೊಡಬೇಕೆಂದೂ

ಕೈಮುಗಿದು ಕೋರಿಕೊಂಡಿದೆ.

ಇಂತು, ಹೊಳೆಯಿಂದ ಎದ್ದುಬಂದರೂ ಇನ್ನೂ ಪೂರ್ತಿ ಒಣಗದ ತಮ್ಮ ವಿಶ್ವಾಸಿ,
ಅಲ್ದೆಮಾರ್ ಕಿಂತೇರೊ

ಲಗತ್ತುಗಳು:
1) ಅಧ್ಯಕ್ಷರ ಎಡಗಾಲಿನ ಬೂಟು (ಟ್ಯೂಬಿನ ಹಗ್ಗಕ್ಕೆ ಸಿಕ್ಕಿಕೊಂಡಿತ್ತು; ಒಣಗಿಸಿ, ಪಾಲಿಶ್ ಮಾಡಿದೆ).
2) ಗಾಳದವರ ಹೇಳಿಕೆ. ಎಲ್ಲರೂ ಒಂದೇ ಮಾತು ಹೇಳಿರುವುದರಿಂದ ಒಂದೇ ಹಾಳೆ: "ಇನ್ನೂ ಸ್ವಲ್ಪ ಇತ್ತಾ?"
3) ಮುಚ್ಚಳದ ಡಬ್ಬಿಯಲ್ಲಿ ಸಾಂಕೋಚೊ, ಸಮಿತಿಯ ಸದಸ್ಯರೆಲ್ಲರಿಗೂ ಸಾಕಾಗುವಷ್ಟು. ತಣ್ಣಗಾಗುವುದರೊಳಗೆ ತೀರ್ಮಾನ ಕೈಗೊಳ್ಳುವುದು ಒಳ್ಳೆಯದು.

ವಿ.ಸೂ.: ಕಳೆದ ಭಾನುವಾರ ಕುಟುಂಬ ಸಮೇತ ಬೆಟ್ಟದ ತುದಿಗೆ ಹೋಗಲಾಗಿತ್ತು. ಅಲ್ಲಿ ದೊಡ್ಡ ರೆಕ್ಕೆಯಂಥ ಬಟ್ಟೆ ಕಟ್ಟಿಕೊಂಡು ಗಾಳಿಯಲ್ಲಿ ಹಾರಿ ಊರಿನ ಕಡೆ ಇಳಿಯುವವರನ್ನು ಅತ್ತೆಯವರು ಬಹಳ ಹೊತ್ತು ನೋಡಿದರು. ಆಮೇಲೆ ಹಾರಿಸುವವನನ್ನು ಪಕ್ಕಕ್ಕೆ ಕರೆದು, ದಬರಿ ಸಮೇತ ಆಗುತ್ತದೆಯೇ ಎಂದು ಕೇಳಿದರು. ಆಗುತ್ತದೆ ಎಂದಿದ್ದಾನೆ. ಆದ ಕಾರಣ ನಿಷೇಧ ಮುಂದುವರಿಸುವುದೇ ಸಮಿತಿಯ ತೀರ್ಮಾನವಾದಲ್ಲಿ, ಮುಂದಿನ ವರ್ಷದ ವೇದಿಕೆಗೆ ಗಟ್ಟಿಯಾದ ಚಾವಣಿ ಹಾಕಿಸಬೇಕಾಗಿ ವಿನಂತಿ.